ಗೋಲಗುಮ್ಮಟ ನೋಡಿ ಬಸ್ಸು ಹತ್ತಬೇಡಿ: ನೀರಿನ ಜಾಡು ಹಿಡಿದು ವಿಜಯಪುರ

(ಪ್ರವಾಸದ ಆಸಕ್ತರ ಒಂದು ಕೂಟದಲ್ಲಿ ಚಿತ್ರಗಳನ್ನು ತೋರಿಸುತ್ತ ಆಡಿದ ಮಾತುಗಳ ಬರಹ ರೂಪ ಇದು. ಓದುವುದಕ್ಕೆ ಸಲೀಸಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿಜಯಪುರಕ್ಕೆ ಹೋಗಿ ಬಂದವರು ಕೈ ಎತ್ತಿ ಎಂದಾಗ ಸಭೆಯ ಅರ್ಧಕ್ಕಿಂತ ಜಾಸ್ತಿ ಜನ ಕೈ ಎತ್ತಿದಿರಿ. ಸಂತೋಷ ಆಯಿತು. ಇಬ್ರಾಹಿಂ ರೋಜಾ ನೋಡಿದವರು ಎಂದಾಗ ಕೈಗಳು ಕಡಿಮೆಯಾದವು. ತಾಜ್ ಬಾವಡಿ ಎಂದಾಗ ಹಿಂದಿನ ಸಾಲಿನಲ್ಲಿ ಒಂದೆರಡು ಕೈ ಮಾತ್ರ ಉಳಿದವು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ.

ಬಹಳ ಜನರ ವಿಜಯಪುರ ಪ್ರವಾಸ ಹೇಗಿರುತ್ತದೆ ಹೇಳಿ? ಬಾದಾಮಿ, ಐಹೊಳೆ ಮುಗಿಸಿ ಬರುತ್ತಾರೆ. ಇಲ್ಲವೇ ಪಂಢರಪುರಕ್ಕೆ ಹೋಗುವ ದಾರಿಯಲ್ಲಿ ಇಳಿಯುತ್ತಾರೆ. ಗೋಲಗುಮ್ಮಟದ ಮೆಟ್ಟಿಲು ಹತ್ತಿ, ಒಂದು ಸಲ ಕೂಗಿ, ಪ್ರತಿಧ್ವನಿ ಕೇಳಿ, ಇಳಿದು ಬಂದು ಬಸ್ಸು ಹತ್ತುತ್ತಾರೆ. ಎರಡು ತಾಸಿನಲ್ಲಿ ಊರು ಮುಗಿಯಿತು. ಮನೆಗೆ ಹೋಗಿ "ವಿಜಯಪುರದಲ್ಲಿ ಅದೊಂದೇ ಇರೋದು" ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಎರಡು ನೂರು ವರ್ಷ ಒಂದು ರಾಜ್ಯದ ರಾಜಧಾನಿಯಾಗಿದ್ದ ಊರು ಅದು. ಹೆಜ್ಜೆಗೊಂದು ಕಟ್ಟಡ ಇದೆ. ಆದರೆ ಕಟ್ಟಡಗಳ ಪಟ್ಟಿ ಕೊಟ್ಟರೆ ಯಾರಿಗೂ ನೆನಪಿರುವುದಿಲ್ಲ, ಅದು ನನಗೂ ಗೊತ್ತು. ಅದಕ್ಕೇ ಊರು ನೋಡಲು ಒಂದೇ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಎಲ್ಲಿ ನಿಂತರೂ ಅದನ್ನೇ ಕೇಳಿಕೊಳ್ಳಿ: ಇಲ್ಲಿಗೆ ನೀರು ಎಲ್ಲಿಂದ ಬಂತು?

ಯಾಕೆ ಈ ಪ್ರಶ್ನೆ ಎಂದರೆ, ಆ ಊರಿಗೆ ಹೊಳೆ ಇಲ್ಲ. ಕೃಷ್ಣೆ ದಕ್ಷಿಣಕ್ಕೆ ದೂರ, ಭೀಮೆ ಉತ್ತರಕ್ಕೆ ದೂರ. ನಡುವೆ ಡೋಣಿ ಇದೆ. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಎಂಬ ಗಾದೆ ನಮ್ಮ ಕಡೆ ಮನೆಮನೆಯಲ್ಲೂ ಕೇಳುತ್ತೀರಿ. ಕಪ್ಪು ಮಣ್ಣಿನ ಜೋಳಕ್ಕೆ ಡೋಣಿ ತಾಯಿಯೇ ಸರಿ. ಆದರೆ ಅದರ ನೀರು ಸವಳು, ರಾಜಧಾನಿಗೆ ಕುಡಿಯುವ ನೀರು ಅಲ್ಲಿಂದ ಸಿಗಲಿಲ್ಲ. ಮಳೆಯೂ ಅಷ್ಟಕ್ಕಷ್ಟೇ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನೆಲದ ಕೆಳಗೆ ಗಟ್ಟಿ ಕರಿಕಲ್ಲು. ಇಂಥ ಜಾಗದಲ್ಲಿ ಇಲ್ಲಿಂದ ಆಳಿದ ಆದಿಲ್‌ಶಾಹಿ ಸುಲ್ತಾನರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆ ಕಟ್ಟಿದರು. ಅದರೊಳಗೆ ಅರಮನೆ, ತೋಟ, ನೀರಿನ ತೊಟ್ಟಿ, ಕಾರಂಜಿ ಎಲ್ಲ ಮಾಡಿದರು. ಹೇಗೆ ಎಂಬುದು ಗೊತ್ತಾದರೆ ಗೋಲಗುಮ್ಮಟವೂ ಬೇರೆ ಥರ ಕಾಣುತ್ತದೆ.

ಮೊದಲು ಎಲ್ಲಿಗೆ ಹೋಗಬೇಕು? ನನ್ನ ಸಲಹೆ ಉಪ್ಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಒಂಟಿ ಬುರುಜು. ಸುಮಾರು 80 ಅಡಿ ಎತ್ತರ. ಮೆಟ್ಟಿಲು ಹೊರಗಡೆ, ಗೋಡೆಯನ್ನು ಸುತ್ತಿಕೊಂಡು ಮೇಲೆ ಹೋಗುತ್ತವೆ. ಮೇಲೆ ಉದ್ದನೆಯ ತೋಪುಗಳಿವೆ. ಹುಡುಗರು ಅವುಗಳ ಮೇಲೆ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀವು ತೋಪನ್ನು ಸ್ವಲ್ಪ ಹೊತ್ತು ಬಿಟ್ಟು ನಾಲ್ಕೂ ಕಡೆ ಕಣ್ಣು ಹಾಯಿಸಿ. ಪೂರ್ವಕ್ಕೆ ಗೋಲಗುಮ್ಮಟ. ಪಶ್ಚಿಮಕ್ಕೆ ಮರಗಳ ನಡುವೆ ಇಬ್ರಾಹಿಂ ರೋಜಾದ ಮಿನಾರುಗಳು. ಅದರಾಚೆ ನೆಲ ನಿಧಾನವಾಗಿ ಏರುತ್ತ ಹೋಗುತ್ತದೆ. ಆ ದಿಕ್ಕಿನಲ್ಲೇ ತೊರವಿ ಇದೆ. ಊರಿನ ನೀರಿನ ಮೊದಲ ದಾರಿ ಅಲ್ಲಿಂದ ಶುರುವಾಯಿತು. ಎರಡನೆಯದು ದಕ್ಷಿಣದಿಂದ, ಬೇಗಂ ತಲಾಬ್‌ನಿಂದ. ಈ ಎರಡು ದಿಕ್ಕು ಮನಸ್ಸಿನಲ್ಲಿ ಗುರುತು ಮಾಡಿಕೊಂಡು ಇಳಿಯಿರಿ.

ಅಲ್ಲಿಂದ ಹತ್ತಿರದಲ್ಲೇ ಕೋಟೆ ಗೋಡೆಯ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ಇದಕ್ಕೂ ನೀರಿಗೂ ಸಂಬಂಧ ಇಲ್ಲ, ಆದರೂ ಬಿಟ್ಟು ಮುಂದೆ ಹೋಗುವುದಕ್ಕೆ ಆಗುವುದಿಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಮಾಡಿದವನು ಮುಹಮ್ಮದ್ ಬಿನ್ ಹಸನ್ ರೂಮಿ. ಹೆಸರು ತೋಪಿನ ಮೇಲೇ ಇದೆ. ತೂಕ ಸುಮಾರು 55 ಟನ್. ಬಾಯಿಯ ಹತ್ತಿರ ಹೋಗಿ ನೋಡಿ. ಸಿಂಹದ ಮುಖ ಬಾಯಿ ತೆರೆದಿದೆ, ಕೋರೆಹಲ್ಲುಗಳ ನಡುವೆ ಒಂದು ಆನೆ ಸಿಕ್ಕಿಕೊಂಡಿದೆ. ಎಷ್ಟು ಬಿಸಿಲಿದ್ದರೂ ಲೋಹ ತಣ್ಣಗಿರುತ್ತದೆ ಎಂದು ಗೈಡುಗಳು ಕೈ ಇಡಿಸುತ್ತಾರೆ. ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. 1854ರಲ್ಲಿ ಬ್ರಿಟಿಷ್ ಆಡಳಿತ ಇದನ್ನು ಹರಾಜಿಗಿಟ್ಟಿತು. ಬಂದ ಬೆಲೆ 150 ರೂಪಾಯಿ! ಯಾವನೋ ಅಧಿಕಾರಿಗೆ ಇಷ್ಟು ಕಮ್ಮಿಗೆ ಕೊಡುವುದು ಸರಿ ಕಾಣಲಿಲ್ಲ, ಹರಾಜು ರದ್ದಾಯಿತು. ಇಲ್ಲದಿದ್ದರೆ ಅಂದೇ ಕರಗಿ ಹೋಗುತ್ತಿತ್ತು.

ಈಗ ನೀರಿಗೆ ಬರೋಣ. ಮಕ್ಕಾ ದರವಾಜೆಯ ಕಡೆ ನಡೆದರೆ ತಾಜ್ ಬಾವಡಿ ಸಿಗುತ್ತದೆ. ಬಾವಡಿ ಎಂದ ಕೂಡಲೇ ಮನೆಯ ಹಿತ್ತಲ ಬಾವಿ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಇದು ಹಾಗಲ್ಲ. ರಸ್ತೆಯಿಂದ ಒಳಗೆ ಹೋದರೆ ಎದುರಿಗೆ ಒಂದು ದೊಡ್ಡ ಕಮಾನು. ಎರಡೂ ಪಕ್ಕ ಎಂಟು ಮೂಲೆಯ ಗೋಪುರಗಳು. ಕಮಾನಿನ ಕೆಳಗೆ ಮೆಟ್ಟಿಲುಗಳು ಇಳಿಯುತ್ತ ಹೋಗುತ್ತವೆ. ಕೆಳಗೆ ಚೌಕಾಕಾರದ ದೊಡ್ಡ ಕೊಳ. ಸುತ್ತ ಓಣಿಯಂಥ ಹಾದಿ, ಅದರ ಪಕ್ಕದಲ್ಲಿ ಪ್ರಯಾಣಿಕರು ಉಳಿದುಕೊಳ್ಳುವ ಕೋಣೆಗಳು. ದೂರದಿಂದ ಬಂದವರು ಪಶ್ಚಿಮದ ಬಾಗಿಲಿನಿಂದ ಊರಿಗೆ ಕಾಲಿಡುತ್ತಿದ್ದಂತೆ ಮೊದಲು ಸಿಗುತ್ತಿದ್ದದ್ದು ನೆರಳು ಮತ್ತು ನೀರು. ಕೈಕಾಲು ತೊಳೆದುಕೊಂಡು, ದನಕ್ಕೆ ನೀರು ಕುಡಿಸಿ, ರಾತ್ರಿ ಉಳಿದು ಹೋಗುವ ವ್ಯವಸ್ಥೆ. 1620ರ ಕೆಲಸ ಇದು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ್ದು. ಈ ಎರಡು ಹೆಸರು ನೆನಪಿಡಿ, ಇನ್ನೊಂದು ಕಡೆ ಮತ್ತೆ ಸಿಗುತ್ತವೆ.

ತಾಜ್ ಬಾವಡಿಗೆ ಮಾದರಿಯಾದದ್ದು ಚಾಂದ್ ಬಾವಡಿ. 1579ರಲ್ಲಿ ಒಂದನೇ ಅಲಿ ಆದಿಲ್‌ಶಾಹ ತನ್ನ ರಾಣಿ ಚಾಂದ್ ಬೀಬಿಯ ಹೆಸರಿನಲ್ಲಿ ಕಟ್ಟಿಸಿದ. ಮುಂದೆ ಅಹಮದ್‌ನಗರದ ಕೋಟೆಯನ್ನು ಮೊಘಲರ ವಿರುದ್ಧ ನಿಂತು ಕಾಪಾಡಿದ ಚಾಂದ್ ಬೀಬಿ ಇವಳೇ. ವಿಜಯನಗರ ಬಿದ್ದ ಮೇಲೆ ಈ ಊರಿಗೆ ಜನ ತುಂಬಿಕೊಂಡರು, ಅವರಿಗೆ ನೀರು ಒದಗಿಸಲು ಈ ಬಾವಡಿ ಬೇಕಾಯಿತು ಎನ್ನುತ್ತಾರೆ.

ವಿಜಯನಗರದ ಮಾತು ಬಂತು. ಕನ್ನಡದ ಸಭೆಯಲ್ಲಿ ಇದನ್ನು ದಾಟಿ ಹೋಗುವುದು ಸರಿಯಲ್ಲ. 1565ರ ಯುದ್ಧದಲ್ಲಿ ಹಂಪಿಯನ್ನು ಸೋಲಿಸಿದ ಸುಲ್ತಾನರಲ್ಲಿ ಒಂದನೇ ಅಲಿಯೂ ಒಬ್ಬ. ಆ ಯುದ್ಧದ ಸಂಪತ್ತು ಈ ಊರಿನ ಕಲ್ಲುಗಳಲ್ಲಿ ಇದೆ. ಅದೇ ಅಲಿ ಅದಕ್ಕೂ ಮುಂಚೆ ರಾಮರಾಯನ ಮಗ ತೀರಿಕೊಂಡಾಗ ಸಮಾಧಾನ ಹೇಳಲು ಸ್ವತಃ ವಿಜಯನಗರಕ್ಕೆ ಹೋಗಿದ್ದ. ರಾಮರಾಯನ ಹೆಂಡತಿ ಅವನನ್ನು ಮಗನ ಹಾಗೆ ಕಂಡಳು ಎಂದು ಫೆರಿಷ್ತಾ ಬರೆದಿದ್ದಾನೆ. ಫೆರಿಷ್ತಾ ಇದೇ ಊರಿನಲ್ಲಿ ಕುಳಿತು ಚರಿತ್ರೆ ಬರೆದವನು. ಈ ಎರಡೂ ಸಂಗತಿ ನಿಜ. ಹಂಪಿ ನೋಡಿ ಸಂಕಟಪಟ್ಟವರು ವಿಜಯಪುರಕ್ಕೂ ಬರಬೇಕು ಎಂಬುದು ನನ್ನ ಅಭಿಪ್ರಾಯ. ಒಂದನ್ನು ಬಿಟ್ಟು ಇನ್ನೊಂದನ್ನು ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ.

ತಾಜ್ ಬಾವಡಿಯಿಂದ ಇಬ್ರಾಹಿಂ ರೋಜಾಕ್ಕೆ ದೂರ ಇಲ್ಲ. ಕೋಟೆಯ ಪಶ್ಚಿಮ ಬಾಗಿಲು ದಾಟಿದರೆ ಆಯಿತು. ವಿಜಯಪುರದಲ್ಲಿ ಒಂದೇ ಕಟ್ಟಡ ನೋಡಲು ಸಮಯ ಇದೆ ಎಂದು ಯಾರಾದರೂ ಹೇಳಿದರೆ ನಾನು ಇಲ್ಲಿಗೇ ಕಳಿಸುತ್ತೇನೆ, ಗೋಲಗುಮ್ಮಟಕ್ಕೆ ಅಲ್ಲ. ಒಂದೇ ಎತ್ತರದ ಜಗಲಿಯ ಮೇಲೆ ಎರಡು ಕಟ್ಟಡ ಎದುರುಬದುರು. ಒಂದು ಗೋರಿ, ಇನ್ನೊಂದು ಮಸೀದಿ. ನಡುವೆ ನೀರಿನ ತೊಟ್ಟಿ, ಅದರಲ್ಲಿ ಕಾರಂಜಿ. ಗೋರಿಯ ಬಾಗಿಲ ಮೇಲಿನ ಪಾರಸಿ ಬರಹದಲ್ಲಿ ತಾಜ್ ಸುಲ್ತಾನಾಳ ಹೆಸರಿದೆ. ಈ ರೋಜಾ ಕಟ್ಟಲು ಅಪ್ಪಣೆ ಕೊಟ್ಟವಳು ಅವಳೇ. ಕೆಲಸ ಮುಗಿಸಿದವನು ಮಲಿಕ್ ಸಂದಲ್. ಖರ್ಚಿನ ಲೆಕ್ಕವನ್ನೂ ಕಲ್ಲಿನಲ್ಲಿ ಬರೆದಿದ್ದಾರೆ: ಒಂದೂವರೆ ಲಕ್ಷ ಹೊನ್ನು, ಅದರ ಮೇಲೆ 900. ಮೊದಲು ರಾಣಿಗೆಂದು ಶುರುವಾದ ಈ ಕಟ್ಟಡದಲ್ಲಿ ಕೊನೆಗೆ 1627ರಲ್ಲಿ ತೀರಿಕೊಂಡ ಇಬ್ರಾಹಿಂನನ್ನೂ ಮಣ್ಣು ಮಾಡಿದರು. ಬಾವಡಿಗೂ ಗೋರಿಗೂ ಒಬ್ಬಳೇ ರಾಣಿಯ ಹೆಸರು, ಒಬ್ಬನೇ ಕಟ್ಟಿಸಿದವನು.

ಗೋರಿಯ ಗೋಡೆಯಲ್ಲಿರುವ ಕಿಟಕಿಗಳನ್ನು ನಿಧಾನವಾಗಿ ನೋಡಿ. ಜಾಲಂಧ್ರ ಎಲ್ಲ ಕಡೆ ಇರುತ್ತವೆ. ಹೂವಿನದು, ನಕ್ಷತ್ರದ್ದು. ಇಲ್ಲಿ ಜಾಲಂಧ್ರವೇ ಅಕ್ಷರ. ಕಲ್ಲಿನ ಹಲಗೆಯಲ್ಲಿ ಅರಬ್ಬಿ ಅಕ್ಷರಗಳನ್ನು ಉಳಿಸಿಕೊಂಡು ನಡುವಿನ ಜಾಗವನ್ನೆಲ್ಲ ಕೊರೆದು ತೆಗೆದಿದ್ದಾರೆ. ಹೊರಗಿನಿಂದ ನೋಡಿದರೆ ಕಪ್ಪು ತೂತುಗಳ ನಡುವೆ ಕಲ್ಲಿನ ಬರಹ ಕಾಣುತ್ತದೆ. ಒಳಗೆ ಹೋಗಿ ನೋಡಿದರೆ ಬೆಳಕಿನ ನಡುವೆ ಕಪ್ಪು ಅಕ್ಷರಗಳು. ಒಂದು ಅಕ್ಷರದ ಬಾಲ ತಪ್ಪಿ ಮುರಿದಿದ್ದರೆ ಇಡೀ ಹಲಗೆ ಬಿಸಾಡಬೇಕಿತ್ತು. ಒಳಕೋಣೆಯ ಛಾವಣಿಯೂ ವಿಚಿತ್ರ. ಸಪಾಟಾಗಿದೆ. ನಡುಭಾಗಕ್ಕೆ ಕೆಳಗಿನಿಂದ ಕಂಬ ಇಲ್ಲ, ತೊಲೆಯೂ ಕಾಣುವುದಿಲ್ಲ. ಗಾರೆಯ ಬಲದಿಂದಲೇ ಕಲ್ಲುಗಳು ಒಂದನ್ನೊಂದು ಹಿಡಿದುಕೊಂಡಿವೆ. ಎದುರಿನ ಮಸೀದಿಯ ಸೂರಿನ ಅಂಚಿನಲ್ಲಿ ಕಲ್ಲಿನ ಸರಪಳಿಗಳು ತೂಗುತ್ತವೆ. ಒಂದೇ ಕಲ್ಲಿನಲ್ಲಿ ಕೊಂಡಿಗೆ ಕೊಂಡಿ ಬಿಡಿಸಿದ ಸರಪಳಿ.

ಈ ಇಬ್ರಾಹಿಂ ಬಗ್ಗೆ ಎರಡು ಮಾತು ಹೇಳಲೇಬೇಕು. ಸಂಗೀತದ ಹುಚ್ಚು ಹಿಡಿದ ದೊರೆ. ದಖನಿ ಭಾಷೆಯಲ್ಲಿ ಹಾಡುಗಳನ್ನು ಬರೆದ. ಅವನ 'ಕಿತಾಬ್-ಎ-ನವರಸ್' ಶುರುವಾಗುವುದೇ ಸರಸ್ವತಿಯ ಸ್ಮರಣೆಯಿಂದ. ತನ್ನ ತಂಬೂರಿಗೆ ಮೋತಿ ಖಾನ್ ಎಂದು, ಆನೆಗೆ ಆತಿಶ್ ಖಾನ್ ಎಂದು ಹೆಸರಿಟ್ಟು ಅವುಗಳ ಮೇಲೂ ಹಾಡು ಕಟ್ಟಿದ. ಜನ ಅವನನ್ನು ಜಗದ್ಗುರು ಎಂದು ಕರೆದರು. ಅವನು ಊರಿನ ಪಶ್ಚಿಮಕ್ಕೆ ನವರಸಪುರ ಎಂಬ ಹೊಸ ನಗರ ಕಟ್ಟಲು ಹೊರಟ. ಸಂಗೀತಗಾರರು, ಕವಿಗಳು, ಕುಶಲಿಗರು ಇರುವ ನಗರ. ಪಶ್ಚಿಮಕ್ಕೇ ಯಾಕೆ? ನಮ್ಮ ಪ್ರಶ್ನೆಯನ್ನು ಇಲ್ಲಿ ಕೇಳಿ, ಉತ್ತರ ತಾನಾಗಿ ಸಿಗುತ್ತದೆ. ತೊರವಿಯ ನೀರು ಆ ಕಡೆ ಇತ್ತು. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಈಗ ಉಳಿದಿರುವುದರಲ್ಲಿ ಮುಖ್ಯವಾದದ್ದು ಸಂಗೀತ ಮಹಲ್. ಛಾವಣಿ ಇಲ್ಲ, ಎತ್ತರದ ಕಮಾನುಗಳು ನಿಂತಿವೆ. ಸಂಜೆ ಹೊತ್ತು ಹೋಗಿ.

ಅದೇ ದಾರಿಯಲ್ಲಿ ತೊರವಿ. ಊರಿನಿಂದ ಐದಾರು ಕಿಲೋಮೀಟರ್. ಕನ್ನಡ ಓದಿದವರಿಗೆ ಈ ಹೆಸರು ಹೊಸದಲ್ಲ. ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಇಲ್ಲಿಯ ನರಸಿಂಹನ ಅಂಕಿತದಲ್ಲಿ, ಭಾಮಿನಿ ಷಟ್ಪದಿಯಲ್ಲಿ ಬರೆದ. ನಮಗೆಲ್ಲ ಅದು ತೊರವೆ ರಾಮಾಯಣ. ನರಸಿಂಹನ ಗುಡಿ ಈಗಲೂ ನಡೆದುಕೊಳ್ಳುವ ಗುಡಿ. ನೆಲಮಟ್ಟಕ್ಕಿಂತ ಕೆಳಗೆ ಇಳಿದು ದರ್ಶನ ಮಾಡಬೇಕು. ಕಾವ್ಯ ಓದಿದವರು ಇಲ್ಲಿಗೆ ಬರುವುದಿಲ್ಲ, ಬಂದವರಲ್ಲಿ ಬಹಳ ಜನರಿಗೆ ಕಾವ್ಯದ ಸಂಗತಿ ಗೊತ್ತಿರುವುದಿಲ್ಲ. ನೀವು ಹೋಗುವಾಗ ನಾಲ್ಕು ಪದ್ಯ ಓದಿಕೊಂಡು ಹೋಗಿ.

ತೊರವಿಯ ಹೊಲಗಳ ಕಡೆ ಸುರಂಗ ಬಾವಡಿ ಇದೆ. ಇಲ್ಲಿ ನಾವು ನೀರಿನ ಮೂಲಕ್ಕೆ ಬಂದ ಹಾಗಾಯಿತು. ಎತ್ತರದ ನೆಲದಲ್ಲಿ ಇಂಗಿದ ನೀರನ್ನು ನೆಲದೊಳಗಿನ ಸುರಂಗದಲ್ಲಿ ಹಿಡಿದು, ಇಳಿಜಾರಿನಲ್ಲೇ ಊರಿನ ಕಡೆ ಹರಿಸುವುದು. ಪರ್ಷಿಯಾದಿಂದ ಬಂದ ವಿದ್ಯೆ. ಕರೇಜ್ ಎನ್ನುತ್ತಾರೆ. ಬೀದರಿನವರಿಗೆ ಇದು ಚೆನ್ನಾಗಿ ಗೊತ್ತು, ಅಲ್ಲಿ ನೌಬಾದ್‌ನಲ್ಲಿ ಇದೆ. ಮೇಲೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿರುತ್ತವೆ. ಸುರಂಗ ತೋಡುವಾಗ ಮಣ್ಣು ಎತ್ತಲು, ಆಮೇಲೆ ಒಳಗೆ ಗಾಳಿ ಬರಲು, ಇಳಿದು ಹೂಳು ತೆಗೆಯಲು. ನೀರು ಬಿಸಿಲಿಗೆ ಬೀಳುವುದೇ ಇಲ್ಲ, ಹಾಗಾಗಿ ಆರಿ ಹೋಗುವುದಿಲ್ಲ. ಎತ್ತುವುದಕ್ಕೆ ಯಂತ್ರ ಬೇಡ, ಎತ್ತು ಬೇಡ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ದಖನ್ನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಕಾಪಾಡಬೇಕಾದ ತಾಣಗಳ 2020ರ ಪಟ್ಟಿಗೆ ಸೇರಿಸಿತು. ನಮ್ಮ ಶಾಲಾ ಮಕ್ಕಳ ಪ್ರವಾಸದ ಪಟ್ಟಿಗೂ ಇವು ಸೇರಬೇಕು ಎಂಬುದು ನನ್ನ ಆಸೆ.

ತೊರವಿಯ ನೀರು ಸಾಲದಾದಾಗ ಮುಹಮ್ಮದ್ ಆದಿಲ್‌ಶಾಹ 1651ರಲ್ಲಿ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿದ. ಜಹಾನ್ ಬೇಗಂ ಹೆಸರಿನ ಕೆರೆ. ಕೆರೆಯ ಮಗ್ಗುಲಲ್ಲಿ ನೆಲದೊಳಗೆ ಒಂದು ಕೋಣೆ ಇದೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಹೋಗುತ್ತಿತ್ತು. ಸುಟ್ಟ ಮಣ್ಣಿನ ಕೊಳವೆ, ಒಂದರ ಬಾಯಿಗೆ ಇನ್ನೊಂದನ್ನು ಸೇರಿಸಿ ಸುತ್ತಲೂ ಕಲ್ಲುಗಾರೆಯ ಕಟ್ಟು. 15 ಅಡಿಯಿಂದ 50 ಅಡಿ ಆಳದಲ್ಲಿ ಹೂತಿದ್ದಾರೆ.

ಇಲ್ಲೊಂದು ತೊಡಕು ಇತ್ತು. ಎತ್ತರದಿಂದ ಬರುವ ನೀರಿಗೆ ಒತ್ತಡ ಜಾಸ್ತಿ. ಮಣ್ಣಿನ ಕೊಳವೆ ಒಡೆದು ಹೋಗುತ್ತದೆ. ಅದಕ್ಕೆ ಅವರು ದಾರಿಯಲ್ಲಿ ಅಲ್ಲಲ್ಲಿ ಗೋಪುರ ಕಟ್ಟಿದರು. ಇವುಗಳ ಹೆಸರು ಗಂಜ್. 25ರಿಂದ 40 ಅಡಿ ಎತ್ತರ. ಕೊಳವೆಯ ನೀರು ಗೋಪುರದೊಳಗೆ ಬಂದು ಮೇಲೇರುತ್ತದೆ. ಅಲ್ಲಿ ಒತ್ತಡ ಇಳಿಯುತ್ತದೆ. ನೀರಿನಲ್ಲಿ ಬಂದ ಮಣ್ಣು ತಳದಲ್ಲಿ ಕೂರುತ್ತದೆ. ತಿಳಿನೀರು ಮುಂದಿನ ಕೊಳವೆಗೆ ಹೋಗುತ್ತದೆ. ಒಂದೇ ಗೋಪುರದಲ್ಲಿ ಎರಡು ಕೆಲಸ. ಈ ಗಂಜ್‌ಗಳಲ್ಲಿ ಹಲವು ಇನ್ನೂ ನಿಂತಿವೆ. ಸುಮ್ನೆ ಆಟೋದಲ್ಲಿ ಹೋಗುವಾಗ ಮನೆಗಳ ನಡುವೆ, ರಸ್ತೆಯ ಪಕ್ಕ ಒಂದು ಚೌಕನೆಯ ಕರಿಕಲ್ಲಿನ ಗೋಪುರ ಕಾಣುತ್ತದೆ. ಬಾಗಿಲಿಲ್ಲ, ಅಲಂಕಾರವಿಲ್ಲ. ಯಾವ ಗೈಡೂ ನಿಲ್ಲಿಸುವುದಿಲ್ಲ. ನೀವು ನಿಲ್ಲಿಸಿ. ಹತ್ತಿರ ಹೋದರೆ ಕೆಲವು ಕಡೆ ಗೋಡೆಯಲ್ಲಿ ಕೊಳವೆಯ ದುಂಡು ಬಾಯಿ ಕಾಣುತ್ತದೆ. ಅರಮನೆಗಿಂತ ಒಂದು ಊರನ್ನು ಬದುಕಿಸಿದ್ದು ಇಂಥದ್ದೇ ಅಂತ ನನಗೆ ಆಗ ಅನಿಸುತ್ತದೆ.

ಕೋಟೆಯೊಳಗಿನ ಜಾಗಗಳನ್ನು ಸ್ವಲ್ಪ ಬೇಗ ಬೇಗ ಹೇಳುತ್ತೇನೆ. ಆಸಾರ್ ಮಹಲ್ 1646ರದು, ನ್ಯಾಯ ಹೇಳುವ ಚಾವಡಿಯಾಗಿ ಶುರುವಾದದ್ದು. ಎತ್ತರದ ಮರದ ಕಂಬಗಳ ಮುಂದೆ ದೊಡ್ಡ ಕೊಳ. ಗಗನ್ ಮಹಲ್ 1561ರದು. ಅದರ ನಡುಗಮಾನಿನ ಅಗಲ 18 ಮೀಟರಿಗೂ ಮಿಕ್ಕಿದೆ. ಕೊನೆಯ ಸುಲ್ತಾನ ಸಿಕಂದರ್ 1686ರಲ್ಲಿ ಔರಂಗಜೇಬನ ಮುಂದೆ ಬೆಳ್ಳಿಯ ಸರಪಳಿಯಲ್ಲಿ ಬಂದು ನಿಂತದ್ದು ಇಲ್ಲೇ ಎನ್ನುತ್ತಾರೆ. ಬಾರಾ ಕಮಾನ್ ಎರಡನೇ ಅಲಿಯ ಅರೆಬರೆ ಗೋರಿ. ಮುಗಿದಿದ್ದರೆ ಹೇಗಿರುತ್ತಿತ್ತೋ, ಮುಗಿಯದೆಯೇ ಬಹಳ ಚೆನ್ನಾಗಿದೆ. ಜಾಮಿಯಾ ಮಸೀದಿಯಲ್ಲಿ ಚಿನ್ನದ ಬಣ್ಣದ ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಯ ಗೂಡು, ನೋಡಿ, ಆಮೇಲೆ ನೆಲ ನೋಡಿ. ಒಬ್ಬೊಬ್ಬರಿಗೆ ಒಂದೊಂದು ಎಂದು 2250 ನಮಾಜಿನ ಚೌಕಗಳನ್ನು ಗುರುತು ಮಾಡಿದ್ದಾರೆ. ಔರಂಗಜೇಬನ ಕಾಲದ ಕೆಲಸ ಅದು. ಪ್ರಾರ್ಥನೆ ನಡೆಯುವ ಜಾಗ, ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಿ.

ಒಂದು ಜಾಗದಲ್ಲಿ ಮಾತ್ರ ನಿಲ್ಲಬೇಕು. ಒಳಕೋಟೆಯ ಕರೀಮುದ್ದೀನ್ ಮಸೀದಿ. ಆದಿಲ್‌ಶಾಹಿಗಳು ಬರುವುದಕ್ಕೂ ಬಹಳ ಮುಂಚಿನದು, 1320ರದು. ಗುಡಿಯ ಕಂಬಗಳನ್ನೇ ತಂದು ನಿಲ್ಲಿಸಿದ ಕಟ್ಟಡ. ಒಳಗೆ ಹೋದರೆ ಚಾಲುಕ್ಯರ ಕಾಲದ ಮಂಟಪಕ್ಕೆ ಬಂದ ಹಾಗಾಗುತ್ತದೆ. ಕಟ್ಟಿದ ಕುಶಲಿಗನ ಹೆಸರು ಶಾಸನದಲ್ಲಿ ಇದೆ: ಸಾಲೋಟಗಿಯ ರೇವಯ್ಯ. ಸಾಲೋಟಗಿ ಇಂಡಿ ತಾಲೂಕಿನ ಊರು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ 945ರ ಶಾಸನದಲ್ಲಿ ಅಲ್ಲಿಯ ದೊಡ್ಡ ವಿದ್ಯಾಕೇಂದ್ರದ ವಿವರ ಸಿಗುತ್ತದೆ. ಈ ಊರಿನ ಹಳೆಯ ಮಸೀದಿಗೆ ಅಲ್ಲಿಯ ಒಬ್ಬ ರೇವಯ್ಯ ಉಳಿ ಹಿಡಿದ. ಗುಡಿ ಒಡೆದ ನೋವೂ ಆ ಕಂಬಗಳಲ್ಲಿದೆ, ರೇವಯ್ಯನ ಕೈಕೆಲಸವೂ ಇದೆ. ನನಗೆ ಈ ಚರಿತ್ರೆಯನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಲು ಮನಸ್ಸು ಬರುವುದಿಲ್ಲ.

ಈಗ ಗೋಲಗುಮ್ಮಟ. ಇಷ್ಟೆಲ್ಲ ನೋಡಿದ ಮೇಲೆ, ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಒಳಗೆ ಹೋಗಿ. ಹೊತ್ತೇರಿದರೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ. ಮಕ್ಕಳು ಕೂಗಲಿ, ಅದು ಅವರ ಹಕ್ಕು. ಆದರೆ ಆ ಗದ್ದಲದಲ್ಲಿ ಗುಮ್ಮಟದ ಒಳಸುತ್ತಿನ ಪಿಸುಮಾತಿನ ಮೊಗಸಾಲೆ (ವಿಸ್ಪರಿಂಗ್ ಗ್ಯಾಲರಿ) ಕೆಲಸ ಮಾಡುವುದಿಲ್ಲ. ಜನ ಇಲ್ಲದ ಹೊತ್ತಿನಲ್ಲಿ ಒಬ್ಬರು ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿ ಕೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳು ಸಲ ಮರಳಿ ಬರುತ್ತದೆ. ನಾಲ್ಕು ಮೂಲೆಗೆ ಏಳು ಅಂತಸ್ತಿನ ಗೋಪುರಗಳಿವೆ. ಅವುಗಳೊಳಗಿನ ಕಿರಿದಾದ ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು. ಮೊಣಕಾಲು ನೋವಿದ್ದವರು ಕೆಳಗೇ ಉಳಿಯಲಿ, ಅವರಿಗೆ ನೋಡುವುದು ಕೆಳಗೇ ಜಾಸ್ತಿ ಇದೆ.

ಕೆಳಗೆ ನಡುವೆ ನಿಂತು ತಲೆ ಎತ್ತಿ. ಸುಮಾರು 41 ಮೀಟರ್ ಉದ್ದ, ಅಷ್ಟೇ ಅಗಲದ ಒಂದೇ ಕೋಣೆ. ಒಂದೂ ಕಂಬ ಇಲ್ಲ. ಮೇಲೆ 44 ಮೀಟರ್ ಹೊರವ್ಯಾಸದ ಗುಮ್ಮಟ. ಚೌಕದ ಗೋಡೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು? ರಂಗೋಲಿಯಲ್ಲಿ ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಎಳೆಯುತ್ತೇವಲ್ಲ, ಎಂಟು ಮೂಲೆಯ ನಕ್ಷತ್ರ ಬರುತ್ತದೆ, ಹಾಗೆ ಇಲ್ಲಿ ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲೆ ಹೋಗುತ್ತವೆ. ನಡುವೆ ಉಳಿಯುವ ಎಂಟು ಮೂಲೆಯ ಜಾಗದ ಮೇಲೆ ಗುಮ್ಮಟ ಕೂತಿದೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿಕೊಂಡ ಈ ಕಮಾನುಗಳ ಭಾರ ಒಳಕ್ಕೆ ಎಳೆಯುತ್ತದೆ. ಎರಡೂ ಒಂದಕ್ಕೊಂದು ಸರಿದೂಗುತ್ತವೆ. ಪಿಸುಮಾತಿನ ಮೊಗಸಾಲೆ ಇರುವುದು ಆ ಒಳಚಾಚಿನ ಮೇಲೆಯೇ. ದಾಬೋಳದ ಯಾಕೂತ್ ಎಂಬವನು ಇದರ ಶಿಲ್ಪಿ. 1656ರಲ್ಲಿ ಮುಹಮ್ಮದ್ ಆದಿಲ್‌ಶಾಹ ತೀರಿಕೊಂಡ. ಅವನ ಗೋರಿಯ ಪಕ್ಕದಲ್ಲಿ ರಾಣಿಯರ ಜೊತೆ ರಂಭಾ ಎಂಬ ನರ್ತಕಿಯ ಗೋರಿಯೂ ಇದೆ. ಮೇಲೆ ಕಾಣುವವು ಗುರುತಿಗೆ, ನಿಜವಾದ ಗೋರಿಗಳು ಅದರ ಕೆಳಗಿನ ನೆಲಮನೆಯಲ್ಲಿವೆ.

ಬೇಗಂ ತಲಾಬ್ 1651, ಗೋಲಗುಮ್ಮಟ 1656. ಇಸವಿಗಳನ್ನು ಜೊತೆಗಿಟ್ಟು ನೋಡಿ. ಎರಡನ್ನೂ ಕಟ್ಟಿಸಿದವನು ಒಬ್ಬನೇ. ಅಷ್ಟು ದೊಡ್ಡ ಕಟ್ಟಡಕ್ಕೆ ಸುಣ್ಣದ ಗಾರೆ ಅರೆಯಲು, ಕಲಸಲು, ಗೋಡೆಗೆ ವರ್ಷಗಟ್ಟಲೆ ನೀರುಣಿಸಲು ಎಷ್ಟು ನೀರು ಬೇಕಿತ್ತು ಎಂದು ಗಾರೆ ಕೆಲಸ ಮಾಡಿದವರನ್ನು ಕೇಳಿ. ಕೆಲಸದವರು ಕುಡಿಯಲೂ ಬೇಕಲ್ಲ. ನೀರು ತಂದ ಊರಿಗೆ ಮಾತ್ರ ಇಂಥ ಗುಮ್ಮಟ ಕಟ್ಟಲು ಆಗುತ್ತದೆ. ಎದುರಿಗಿರುವ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯ ಇದೆ. ಶಾಸನಗಳು, ಜೈನ ಮೂರ್ತಿಗಳು, ಹಸ್ತಪ್ರತಿಗಳು, ಚೀನಾದ ಪಿಂಗಾಣಿ. ಒಂದು ತಾಸು ಇಟ್ಟುಕೊಳ್ಳಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಹಿರಿಯರು "ಸಾಠ್ ಕಬರ್, ಅಂದರೆ ಅರವತ್ತು ಗೋರಿಗಳ ಬಗ್ಗೆ ಹೇಳಲೇ ಇಲ್ಲವಲ್ಲ" ಎಂದರು. ಹೌದು, ನವರಸಪುರದ ಕಡೆಯೇ ಇದೆ. ಒಂದೇ ಅಳತೆಯ, ಒಂದೇ ಥರದ ಗೋರಿಗಳು ಸಾಲಾಗಿ ಒಂದು ಕಟ್ಟೆಯ ಮೇಲಿವೆ. ಪಕ್ಕದಲ್ಲಿ ಬಾವಿ. ಆದಿಲ್‌ಶಾಹಿ ಸೇನಾನಿ ಅಫ್ಜಲ್ ಖಾನ್ 1659ರಲ್ಲಿ ಶಿವಾಜಿಯ ಮೇಲೆ ಹೋಗುವ ಮುಂಚೆ ತನ್ನ ಹೆಂಡತಿಯರನ್ನು ಬಾವಿಗೆ ನೂಕಿದ ಎಂಬುದು ಜನ ಹೇಳುವ ಕತೆ. ಕತೆಯನ್ನು ಕತೆಯಾಗಿ ಕೇಳಿ. ಆದರೆ ದಯವಿಟ್ಟು ಅಲ್ಲಿ ರೀಲ್ಸ್ ಮಾಡಬೇಡಿ. ಗೋರಿಗಳು ಹೆಂಗಸರವು ಎಂಬುದಷ್ಟೇ ಸಾಕು, ಸುಮ್ಮನೆ ನಿಂತು ಬರಲು.

"ಬಾವಡಿಗಳಲ್ಲಿ ಕಸ ತುಂಬಿರುತ್ತದೆ, ನೋಡೋದಾದರೂ ಹೇಗೆ" ಎಂದು ಇನ್ನೊಬ್ಬರು ಕೇಳಿದರು. ಇದು ನನ್ನನ್ನೂ ಕಾಡುವ ಮಾತು. ಕೆಲವು ವರ್ಷಗಳ ಹಿಂದೆ ತಾಜ್ ಬಾವಡಿ ಸೇರಿದಂತೆ ಹಲವು ಬಾವಡಿಗಳ ಹೂಳು ತೆಗೆದರು. ತಳ ಕಂಡಿತು, ಹೊಸ ನೀರು ಬಂತು. ಊರಿನ ಜನ ನೋಡಲು ಬಂದರು. ಆಮೇಲೆ ಗಣಪತಿ ಬಿಡುವುದು, ಪ್ಲಾಸ್ಟಿಕ್ ಎಸೆಯುವುದು ಅಲ್ಲಲ್ಲಿ ಮತ್ತೆ ಶುರು. ಹೋದವರು ನೋಡಿಬರುವುದರಿಂದಲೂ ಲಾಭ ಇದೆ. ಜನ ಬರುವ ಜಾಗದಲ್ಲಿ ಕಸ ಹಾಕಲು ಸಂಕೋಚ ಆಗುತ್ತದೆ, ಅಧಿಕಾರಿಗಳಿಗೂ ಕಣ್ಣು ಹೋಗುತ್ತದೆ.

ಸುತ್ತಮುತ್ತ ಏನು ನೋಡಬೇಕು ಎಂದು ಕೇಳಿದವರಿಗೆ: ಬಸವನ ಬಾಗೇವಾಡಿ 45 ಕಿಲೋಮೀಟರಿನ ಒಳಗೆ, ಬಸವಣ್ಣನವರ ಜನ್ಮಸ್ಥಳ. ಅದೇ ದಾರಿ ಮುಂದುವರಿದರೆ ಆಲಮಟ್ಟಿ, ಕೃಷ್ಣೆಯ ದೊಡ್ಡ ಅಣೆಕಟ್ಟು. ಈಗಿನ ವಿಜಯಪುರ ಜಿಲ್ಲೆಯ ನೀರಿನ ಕತೆ ಅಲ್ಲಿಂದ ಶುರುವಾಗುತ್ತದೆ. ಆದರೆ ಅರ್ಧ ದಿನ ಮಾತ್ರ ಉಳಿದಿದ್ದರೆ ಕುಮಟಗಿಗೆ ಹೋಗಿ. ಸಿಂದಗಿ ರಸ್ತೆಯಲ್ಲಿ, ಊರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆದಿಲ್‌ಶಾಹಿಗಳ ಬೇಸಿಗೆ ವಿಹಾರದ ಜಾಗ. ಒಂದು ಕೆರೆ. ಅದರ ನೀರನ್ನು ಗೋಪುರಕ್ಕೆ ಏರಿಸಿ ಅಲ್ಲಿಂದ ಕೊಳವೆಗಳಲ್ಲಿ ಮಹಡಿಗಳಿಗೆ ಬಿಡುತ್ತಿದ್ದರು. ಛಾವಣಿಯಲ್ಲಿ ತೂತುಗಳಿವೆ, ನೀರು ಮಳೆಯ ಹಾಗೆ ಮೈಮೇಲೆ ಬೀಳುತ್ತಿತ್ತು. ಗೋಡೆಯಲ್ಲಿ ಚಿತ್ರಗಳಿವೆ: ಕುದುರೆ ಮೇಲೆ ಪೋಲೋ ಆಡುವವರು, ಕುಸ್ತಿ ಹಿಡಿದವರು, ಯುರೋಪಿನ ಉಡುಪಿನವರು. ಬಹಳ ಮಾಸಿವೆ. ಜನ ತಮ್ಮ ಹೆಸರು ಗೀಚಿ ಇನ್ನೂ ಕೆಡಿಸಿದ್ದಾರೆ. ಇರುವಷ್ಟು ಉಳಿದಿರುವಾಗಲೇ ನೋಡಿ ಬನ್ನಿ.

ಕೊನೆಯ ಪ್ರಶ್ನೆ ಯಾವ ತಿಂಗಳು, ಎಷ್ಟು ದಿನ ಎಂಬುದು. ನವೆಂಬರಿನಿಂದ ಫೆಬ್ರುವರಿ. ಎರಡು ಪೂರ್ತಿ ದಿನ. ಮೈಸೂರಿನಿಂದ ಬೆಂಗಳೂರು ಮೇಲೆ ಹಾಯ್ದು ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿದರೆ ಸಾಕು. ಮೊದಲ ದಿನ ಪಶ್ಚಿಮ: ಉಪ್ಪಲಿ ಬುರುಜು, ತಾಜ್ ಬಾವಡಿ, ರೋಜಾ, ಸಂಜೆಗೆ ತೊರವಿ. ಎರಡನೇ ದಿನ ಬೆಳಿಗ್ಗೆ ಗೋಲಗುಮ್ಮಟ, ಆಮೇಲೆ ಒಳಕೋಟೆ, ಮಧ್ಯಾಹ್ನದ ಮೇಲೆ ಬೇಗಂ ತಲಾಬ್ ಅಥವಾ ಕುಮಟಗಿ. ಊಟಕ್ಕೆ ಯಾವುದಾದರೂ ಖಾನಾವಳಿಗೆ ಹೋಗಿ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಒಳಕೋಟೆಯ ಸುತ್ತ ಟಾಂಗಾ ಸಿಕ್ಕರೆ ಅದರಲ್ಲೇ ಸುತ್ತಿ. ಟಾಂಗಾದವರಿಗೆ ಗಂಜ್ ಎಲ್ಲೆಲ್ಲಿವೆ ಎಂದು ಕೇಳಿ, ಅವರು ಓಣಿ ಓಣಿ ಬಲ್ಲವರು.